ಅವತ್ತು ನಮ್ಮ ಎತ್ತು ತೇಗಲಿಲ್ಲ

ಎಲ್ಲಿಯಾದರೂ ಬಿಟ್ಟಿ ಮೇವು ಸಿಗುವ ಹಾಗಿದ್ದರೆ ಮೊದಲು ಮನೆಯವರಿಗೆ ಪೂರಾ ವಿಷಯ ತಿಳಿಸಿಬಿಡಿ. ಊರಿಗೆ ಹೇಳದಿದ್ದರೂ ನಡೆಯುತ್ತದೆ. ಈ ಬುದ್ಧಿ ನನಗೆ ಬಂದದ್ದು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಯರಗುಪ್ಪಿಯಲ್ಲಿ, ಒಂದು ಎತ್ತಿನ ತೇಗಿನಿಂದ.

ಆಗ ನನ್ನ ಹತ್ತಿರ ಇದ್ದದ್ದು ಒಂದೇ ಎತ್ತು. ಬಾಜೂ ಮನೆಯ ಕಾಕಾನ ಹತ್ತಿರವೂ ಒಂದೇ. ಬಿತ್ತುವ ಕಾಲಕ್ಕೆ ಎರಡನ್ನೂ ಒಂದು ನೊಗಕ್ಕೆ ಹೂಡಿ ಮೊದಲು ಅವನ ಹೊಲ, ಆಮೇಲೆ ನನ್ನದು. ಸುಗ್ಗಿ ಮುಗಿದ ಮೇಲೆ ಅವು ಜೋಳದ ಕೂಳೆ, ಬದುವಿನ ಒಣ ಹುಲ್ಲು ಮೇಯ್ದುಕೊಂಡು ಮಳೆಗಾಲದ ಹೊತ್ತಿಗೆ ಪಕ್ಕೆಲುಬು ತೋರಿಸುತ್ತಿದ್ದವು. ಆ ವರ್ಷ ನನ್ನ ಕಣಿಕೆಯ, ಅಂದರೆ ಒಣ ಜೋಳದ ದಂಟಿನ ಬಣವೆ ಯುಗಾದಿಗೇ ಸೊಂಟದ ಮಟ್ಟಕ್ಕೆ ಇಳಿದಿತ್ತು. ಎತ್ತನ್ನು ಬೇಸಿಗೆ ದಾಟಿಸುವುದು ಹೇಗೆ ಎಂಬುದೊಂದೇ ನನ್ನ ಚಿಂತೆ.

ಅಷ್ಟರಲ್ಲಿ ಧಾರವಾಡದ ಕೃಷಿ ಕಾಲೇಜಿನಿಂದ ಒಬ್ಬ ಸಾಹೇಬರು ರಬ್ಬರಿನ ಚೀಲ ಹಿಡಿದುಕೊಂಡು ಬಂದರು. ಅದನ್ನು ದನದ ಮೂತಿಗೆ ಕಟ್ಟಿ, ತೇಗಿದ ಗಾಳಿ ಹಿಡಿಯುತ್ತಾರಂತೆ.

"ಒಣ ಕಣಿಕಿ ತಿಂದ ದನಾ ಮೀಥೇನ್ ಅನ್ನೋ ಗ್ಯಾಸ್ ಭಾಳ ಬಿಡ್ತದ. ತಿಂದದ್ರಾಗ ಒಂದು ಪಾಲು ಮೈಗೆ ಹತ್ತದ, ಗಾಳ್ಯಾಗ ಹೋಗ್ತದ," ಎಂದರು.

"ಅದಕ್ಕ ಕಡ್ಡಿ ಗೀರಿದ್ರ ಚಾ ಕಾಸಬಹುದೇನ್ರಿ?" ಕಾಕಾ ಕೇಳಿದ.

"ಕಾಸಬಹುದು. ಎತ್ತು ಸುಮ್ನ ನಿಂದರಬೇಕಲ್ಲ!"

ನೆರೆದಿದ್ದವರೆಲ್ಲ ನಕ್ಕರು. ನನ್ನ ಬಣವೆ ಎತ್ತಿನ ಬಾಯಿಂದ ಹಾರಿಹೋಗುತ್ತಿದೆ ಎಂದು ಕೇಳಿದ ಮೇಲೆ ನನಗೆಲ್ಲಿಯ ನಗು?

ಅವರನ್ನು ಬಸ್ಸಿಗೆ ಬಿಡಲು ಹೋದಾಗ ಮೆಲ್ಲಗೆ ಬಾಯಿ ಬಿಡಿಸಿದೆ. ನನ್ನ ಎತ್ತು, ಕಾಕಾನ ಎತ್ತು ಎರಡರಲ್ಲಿ ಯಾವುದು ಹೆಚ್ಚು ಗ್ಯಾಸ್ ಬಿಡುತ್ತದೋ ಅದಕ್ಕೆ ಬೇಸಿಗೆಯುದ್ದಕ್ಕೂ ಒಣಗಿಸಿದ ಕುದುರೆಮಸಾಲೆ ಎಂಬ ಮೇವಿನ ಸೊಪ್ಪು ಬಿಟ್ಟಿಯಂತೆ. ಸೊಪ್ಪು ತಿಂದ ಮೇಲೆ ಗ್ಯಾಸ್ ಎಷ್ಟು ಇಳಿಯಿತೆಂದು ಅವರು ನೋಡಬೇಕು. ಮುಂದಿನ ವಾರ ಪರೀಕ್ಷೆ.

ಮನೆಗೆ ಬಂದವನೇ ಕಾಕಾನಿಗೆ ಸಲಹೆ ಕೊಟ್ಟೆ: "ಸಾಹೇಬ್ರ ಮುಂದ ಎತ್ತು ಮಿಂಚಬೇಕು ನೋಡು ಕಾಕಾ. ಇಟ್ಟ ಕಡ್ಲಿ ಹೊಟ್ಟೆಲ್ಲಾ ಹಾಕಿಬಿಡು." ಹೊಟ್ಟು ತಿಂದರೆ ಕಣಿಕೆಯಷ್ಟು ಗ್ಯಾಸ್ ಬರುವುದಿಲ್ಲವೆಂದು ಸಾಹೇಬರೇ ಹೇಳಿದ್ದರು.

"ಹಾಕತೀನಿ ತಗೋಲೇ ತಮ್ಮಾ," ಎಂದ.

ನನ್ನ ಎತ್ತಿಗೆ ಮಾತ್ರ ಬರೀ ಕಣಿಕೆ. ಪರೀಕ್ಷೆಯ ದಿನ ಸಾಹೇಬರು ಎರಡೂ ಎತ್ತಿನ ಗಾಳಿ ತುಂಬಿಕೊಂಡು ಹೋದರು. ಮತ್ತೆ ಬಂದಾಗ ನೇರ ನನ್ನ ಅಂಗಳಕ್ಕೇ ಬಂದು, "ಏನ್ ಹಾಕೀರಿ ಇದಕ್ಕ? ಗ್ಯಾಸೇ ಇಲ್ಲ!" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ನಮ್ಮವ್ವ ಹೆಮ್ಮೆಯಿಂದ ಹೇಳಿದಳು: "ದಿನಾ ಶೇಂಗಾ ಎಣ್ಣಿ, ಅಜವಾನ ಕೂಡಿಸಿ ಗೊಟ್ಟಾ ಹಾಕೀನ್ರಿ. ದೊಡ್ಡವ್ರ ಮುಂದ ಡರ್ರಂತ ತೇಗಿದ್ರ ನಮ್ಮನಿ ಮರ್ಯಾದಿ ಏನಾಕ್ಕೇತ್ರಿ?"

ದನದ ಬಾಯಿಗೆ ಔಷಧ ಹೊಯ್ಯುವ ಬಿದಿರಿನ ಗೊಟ್ಟ ಇನ್ನೂ ಅವಳ ಕೈಯಲ್ಲೇ ಇತ್ತು.

"ಎಣ್ಣಿ ಹೋದ್ರ ಗ್ಯಾಸ್ ಇಳೀತದ ಅವ್ವಾರ," ಎಂದು ಸಾಹೇಬರು ಕಾಕಾನ ಮನೆಗೆ ನಡೆದರು.

ಸೊಪ್ಪಿನ ಗಾಡಿ ಕಾಕಾನ ಅಂಗಳದಲ್ಲಿ ಇಳಿಯಿತು. "ನೀ ಹೊಟ್ಟು ಹಾಕಲಿಲ್ಲೇನು?" ಎಂದು ಕೇಳಿದೆ.

"ನೀ ಹಾಕು ಅಂದಿಯಲ್ಲಾ, ಅದಕ್ಕ ಹಾಕಲಿಲ್ಲ. ನೀ ನನಗ ಒಳ್ಳೇದು ಹೇಳಿದ್ದು ಯಾವಾಗ?"

ಸೋತ ಮೇಲೂ ಜಾಗ ಬಿಟ್ಟು ಏಳಬಾರದು. ಅಲ್ಲೇ ಕಟ್ಟೆಯ ಮೇಲೆ ಕೂತೆ.

"ಆತು ಬಿಡು. ಈಗ ನಿನ್ನ ಎತ್ತು ಸಾಹೇಬ್ರ ಊಟಾ ಮಾಡ್ತದ. ನಿನ್ನ ಹೊಟ್ಟು ಯಾರಿಗೆ?"

"ನನಗಿರಲಿ. ನಿನಗ್ಯಾಕ?"

"ಮಳಿ ಬಂದಾಗ ನೊಗದ ಒಂದ ಬಾಜೂ ನಿನ್ನ ಆನಿ, ಇನ್ನೊಂದ ಬಾಜೂ ನನ್ನ ಆಡು. ಮೊದಲು ಬಿತ್ತೂದು ನಿನ್ನ ಹೊಲಾ. ಸಾಲು ಡೊಂಕಾದ್ರ ದಾರ್ಯಾಗ ಹೋಗವ್ರು ನನಗ ನಗೂದಿಲ್ಲ ಕಾಕಾ."

ಕಾಕಾ ತನ್ನ ಎತ್ತು ನೋಡಿದ, ನನ್ನದನ್ನು ನೋಡಿದ, ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿದ.

"ಅರ್ಧಾ ಒಯ್ಯಿ."

"ಅರ್ಧಾ ತಿಂದ್ರ ಅರ್ಧಾ ಸಾಲು ನೆಟ್ಟಗಾಕ್ಕೇತಿ."

"ಎಲ್ಲಾ ಒಯ್ಯಲೇ, ಮೊದಲು ಕಟ್ಟಿ ಬಿಟ್ಟು ಏಳು!"

ಹೊಟ್ಟು ಹೊತ್ತು ಮನೆಗೆ ಬಂದಾಗ ಅವ್ವ ಮತ್ತೆ ಗೊಟ್ಟ ತೊಳೆಯುತ್ತಿದ್ದಳು. ನನ್ನನ್ನು ಕಂಡು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನೇ ಒಳಗೆ ಹೋಗಿ ಎಣ್ಣೆಯ ಡಬ್ಬಿ ತಂದುಕೊಟ್ಟೆ. ಇನ್ನು ಎತ್ತು ತೇಗಿದರೆ ಗಾಳಿಗೆ ಹೋಗುವುದು ನಾನು ಹೊತ್ತು ತಂದ ಹೊಟ್ಟೇ ಅಲ್ಲವೇ?