ಗ್ಯಾಲರಿಗೆ ಬಂದ ಇರುವೆಗಳು

2023ರ ಮಳೆಗಾಲ. ಆಗ ನಾನು ಗೋರೆಗಾಂವ್‌ನ ಒಂದು ಸಣ್ಣ ಆರ್ಟ್ ಗ್ಯಾಲರಿಯಲ್ಲಿ ಕ್ಯುರೇಟರ್ ಆಗಿದ್ದೆ. ಹೊಸ ಕಲಾವಿದರನ್ನು ಹುಡುಕಿ, ಅವರ ಕೆಲಸವನ್ನು ಜನರ ಮುಂದಿಡುವುದು ಕ್ಯುರೇಟರ್ ಕೆಲಸ. ಕಂಡವರ ಮನೆಗೆ ನುಗ್ಗಿ ಇದೇನು, ಅದೇನು ಎಂದು ಕೆದಕುವ ನನ್ನ ಚಾಳಿಗೆ ಸಂಬಳವೂ ಸಿಗುತ್ತಿತ್ತು, ನೋಡಿ!

ಹಾಗೆ ನುಗ್ಗಿದ ಮನೆಗಳಲ್ಲಿ ಜೋಗೇಶ್ವರಿಯ ಒಂದು ಚಾಳ್‌ನಲ್ಲಿ, ಅಂದರೆ ಒಂಟಿ ಕೋಣೆಗಳ ಸಾಲುಮನೆಯಲ್ಲಿ, ಇದ್ದ ಶೈಲಾಳದೂ ಒಂದು. ಅವಳ ಮನೆಯವರು ವಿಜಯಪುರದ ಕಡೆಯವರು; ತಂದೆ ಕಟ್ಟಡ ಕೆಲಸದ ಮೇಸ್ತ್ರಿ. ಆರ್ಟ್ ಸ್ಕೂಲ್ ಮುಗಿಸಿದ್ದ ಶೈಲಾ, ಕಾರ್ಮಿಕರು ತೊಟ್ಟು ಹರಿದ ಹಸಿರು, ಕಿತ್ತಳೆ ಸೇಫ್ಟಿ ಜಾಕೆಟ್‌ಗಳನ್ನು ಕತ್ತರಿಸಿ ಗೋಡೆಯಗಲದ ಕೌದಿ ಹೊಲಿದಿದ್ದಳು. ಕೌದಿಯೆಂದರೆ ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿದ ಹೊದಿಕೆ. ದೀಪ ಹಾಕಿದೊಡನೆ ಅದರ ಬೆಳ್ಳಿ ಪಟ್ಟಿಗಳು ಝಗ್ಗೆಂದವು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಂಚು ಹೊಲಿದು ಮುಗಿಸಿದವರು ಅವಳ ತಾಯಿ ಗಂಗವ್ವ.

ಅದು ಶೈಲಾಳ ಮೊದಲ ಪ್ರದರ್ಶನ. ಉದ್ಘಾಟನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಬಿಳಿ ಗೋಡೆಯ ಮೇಲೆ ಇರುವೆಗಳ ಸಾಲು! ಪಕ್ಕದಲ್ಲಿದ್ದ ಬೇರೆಯವರ ಪೇಂಟಿಂಗ್‌ಗಳನ್ನು ಮೂಸಿಯೂ ನೋಡದೆ ನೇರವಾಗಿ ಕೌದಿಗೇ ಹೋಗುತ್ತಿದ್ದವು. ಗ್ಯಾಲರಿಯ ಮಾಲೀಕ ದೇಸಾಯಿ ಕೆಂಡಾಮಂಡಲವಾದರು.

"ಸಂಜೆಯೊಳಗೆ ಸ್ಪ್ರೇ ಹೊಡೀರಿ, ನಹೀ ತೋ ಇಳಿಸಿಬಿಡಿ."

ಸ್ಪ್ರೇ ಹೊಡೆದರೆ ಬಟ್ಟೆಗೆ ಕಲೆ. ಇಳಿಸಿದರೆ ಆ ಹುಡುಗಿಯ ಮೊದಲ ಪ್ರದರ್ಶನವೇ ಇಲ್ಲ. ಶೈಲಾಳ ಕಣ್ಣು ತುಂಬಿತು. "ಮ್ಯಾಡಮ್, ನಾ ತೋ ಜಾಕೆಟ್ ಎಲ್ಲಾ ವಾಶ್ ಮಾಡೇ ಹೊಲದೀನಿ. ಅಂದರ್ ಏನೈತಿ ಮಾಲೂಮ್ ಇಲ್ಲ."

ನನಗೆ ಅಯ್ಯೋ ಅನಿಸಿತು, ಆದರೆ ಕುತೂಹಲವೂ ತಡೆಯಲಿಲ್ಲ. ಮಂಡಿಯೂರಿ ಇರುವೆಗಳ ಹಿಂದೆ ಹೋದೆ. ಕೆಳಗಿನ ಮೂಲೆಯ ಹೊಲಿಗೆಯ ಸಂದಿಯಲ್ಲಿ ಅವು ಮಾಯವಾಗುತ್ತಿದ್ದವು. ಮುಟ್ಟಿದರೆ ಒಳಗೆ ಏನೋ ಗಟ್ಟಿ. ಶೈಲಾ ತಾಯಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಹೋಳಿಗಿ ತುಣುಕು ಇಟ್ಟೀನವಾ," ಎಂದರು ಗಂಗವ್ವ, ಇದನ್ನೂ ಕೇಳಬೇಕೇ ಎಂಬ ದನಿಯಲ್ಲಿ. "ಕಡೀ ಮೂಲಿ ಮುಚ್ಚೂಮುಂದ ಕೌದಿ ಹೊಟ್ಟಿಗೆ ಏನಾರ ಹಾಕಬೇಕು. ಅದು ಉಪಾಸ ಇರಬಾರದು, ಹೊಚ್ಚಿಕೊಂಡವರೂ ಹಸೀಬಾರದು."

"ಅವ್ವಾ, ಇದು ಗೋಡಿಗೆ! ಯಾರೂ ಹೊಚ್ಚಿಕೊಳ್ಳಂಗಿಲ್ಲ!"

"ಗೋಡಿಗಾದ್ರ ಏನಾತು, ಕೌದಿ ಅಲ್ಲೇನದು?"

ನಾನು ಕತ್ತರಿ ತೆಗೆದೆ. ಶೈಲಾ ಕೈ ಹಿಡಿದಳು. "ಅವ್ವ ಬರಲಿ ಮ್ಯಾಡಮ್. ಪ್ಲೀಸ್."

ಗಂಗವ್ವ ಮಳೆಯಲ್ಲೇ ಆಟೋ ಹಿಡಿದು ಬಂದರು. ಮೂಲೆ ಬಿಚ್ಚಿ, ಹೋಳಿಗೆ ತೆಗೆದು, ಇರುವೆಗಳನ್ನು ಕೊಡವಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಜೋಳವನ್ನು ಅದೇ ಮೂಲೆಗೆ ಸುರಿದರು.

"ಅರೇ, ಫಿರ್ ಸೇ ಖಾನಾ? ಮತ್ತೆ ತಿನ್ನೋದೇ ಇಡ್ತೀರಾ?" ದೇಸಾಯಿ ಕೂಗಿದರು.

"ಹುರದು ತಂದೀನ್ರಿ, ಇದಕ್ಕ ಇರಿವಿ ಮುತ್ತಂಗಿಲ್ಲ. ಇಷ್ಟು ಮಂದಿ ಬರ್ತಾರ ಅಂತೀರಿ, ಅವರ ಮುಂದ ಇದನ್ನ ಖಾಲಿ ಹೊಟ್ಟಿಲೆ ನಿಂದರಸ್ತೀರೇನು?"

ಗಂಗವ್ವ ಮೂಲೆಯನ್ನು ಮತ್ತೆ ಹೊಲಿದು ಮುಚ್ಚಿದರು. ದೇಸಾಯಿ ಒದ್ದೆ ಬಟ್ಟೆ ತಂದು ತಾವೇ ಗೋಡೆ ಒರೆಸತೊಡಗಿದರು. ನನಗೆ ನಗು ಬಂತು.

ಕಲಾಕೃತಿಯ ಪಕ್ಕದ ಲೇಬಲ್‌ನಲ್ಲಿ ನಾನು 'ಬಟ್ಟೆ, ದಾರ. ಕಲಾವಿದೆ ಶೈಲಾ' ಎಂದು ಬರೆದಿದ್ದೆ. ಶೈಲಾ ಅದನ್ನು ಕಿತ್ತು, ಹೊಸದು ಬರೆಸಿದಳು: 'ಬಟ್ಟೆ, ದಾರ, ಒಂದು ಹಿಡಿ ಜೋಳ. ಕಲಾವಿದೆಯರು ಶೈಲಾ ಮತ್ತು ಗಂಗವ್ವ.' ಸಂಜೆ ಬಂದವರೆಲ್ಲ ಬಗ್ಗಿ ಬಗ್ಗಿ ಆ ಮೂಲೆಯನ್ನೇ ನೋಡಿದರು.

ಹೊಸ ಕಲಾವಿದರ ಮನೆಗೆ ಈಗಲೂ ನುಗ್ಗುತ್ತೇನೆ. ಆದರೆ ಇದರ ಅರ್ಥವೇನು ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಇದರ ಹೊಟ್ಟೆಗೆ ಏನು ಹಾಕಿದ್ದೀರಿ ಎಂದು ಕೇಳುತ್ತೇನೆ.