ಟೈಲರ್ ಕೆತ್ತಿದ ಮಂಜುಗಡ್ಡೆ

ಟೈಲರ್‌ಗೆ ಒಬ್ಬ ಭಾವಮೈದ. ಮೈ ಬಗ್ಗಿಸುವ ಆಸಾಮಿಯಲ್ಲ, ಬಾಯಲ್ಲೇ ಅರಮನೆ ಕಟ್ಟುವವನು. ಅದಕ್ಕೇ ಟೈಲರ್ ಅವನಿಗೆ ಮಂತ್ರಿ ಎಂದು ಹೆಸರಿಟ್ಟಿದ್ದ. ಟೈಲರ್‌ನ ಮಗಳಿಗೆ ಕೆಲಸ ಸಿಕ್ಕಿದ ಖುಷಿಗೆ ಭಾನುವಾರ ಮನೆಯಲ್ಲೇ ಪಾರ್ಟಿ ಎಂದು ತಿಳಿದದ್ದೇ ತಡ, ಮಂತ್ರಿ ಮೊಬೈಲ್ ಹಿಡಿದು ಹಾಜರಾದ. ಅದರಲ್ಲೊಂದು ವಿಡಿಯೊ: ಓರೆಯಾಗಿ ನಿಲ್ಲಿಸಿದ ಮಂಜುಗಡ್ಡೆ, ಅದರ ಮೈಮೇಲೆ ಡೊಂಕುಡೊಂಕಾದ ಕಾಲುವೆ. ಮೇಲಿಂದ ಶರಬತ್ತು ಸುರಿದರೆ ಕೆಳಗಿನ ಲೋಟಕ್ಕೆ ತಣ್ಣಗೆ ಬಂದು ಬೀಳುತ್ತದೆ.

"ಇದಕ್ಕೆ ನಿಮ್ಮಂಥ ಕೈ ಬೇಕು ಭಾವ. ನಾನು ಮುಟ್ಟಿದ್ರೆ ಕೆಟ್ಟೋಗತ್ತೆ."

"ಅದು ಊರಿಗೇ ಗೊತ್ತಿರೋ ವಿಷ್ಯ ಬಿಡು," ಎಂದ ಟೈಲರ್.

ಬೇರೆ ದಿನವಾಗಿದ್ದರೆ ಉಗಿದು ಕಳಿಸುತ್ತಿದ್ದ. ಈ ಸಲ ಒಪ್ಪಿಕೊಂಡ. ಯಾಕೆಂದು ಅವನೊಬ್ಬನಿಗೇ ಗೊತ್ತು. ಕಳೆದ ತಿಂಗಳು ಬಿಳಿ ಅಂಗಿಯೊಂದರ ಕಾಲರ್ ಹೊಲಿಯುವಾಗ ಮಷೀನಿನ ಸೂಜಿ ತೋರುಬೆರಳಿಗೆ ಇಳಿದಿತ್ತು. ನೋವಾಗಲಿಲ್ಲ. ಬಟ್ಟೆಯ ಮೇಲೆ ಕೆಂಪು ಹರಡಿದಾಗಲೇ ತಿಳಿದದ್ದು. ಕಾಲರ್ ಕಿತ್ತು ಹೊಸದು ಹಾಕಿ, ಬೆರಳಿಗೆ ಚಿಂದಿ ಸುತ್ತಿ, ಹೆಂಡತಿಯ ಹತ್ತಿರ ಕತ್ತರಿ ತಾಗಿತು ಎಂದಿದ್ದ. ಸಕ್ಕರೆ ಕಾಯಿಲೆ ಇದ್ದದ್ದೇ, ಬೆರಳು ಜೋಮು ಹಿಡಿಯುತ್ತದೆ, ಬಿಡುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಆದರೆ ಜೋಮು ಬಿಡಲೇ ಇಲ್ಲ. ಬಟ್ಟೆಯ ಅಂಚೇ ಕೈಗೆ ತಿಳಿಯದವನು ಹೊಲಿಯುವುದೇನು, ಮಣ್ಣು? ಬೇರೆ ಕಸುಬು ಅವನಿಗೆ ಬರದು. ಮಂಜುಗಡ್ಡೆಯಾದರೂ ಈ ಕೈಯನ್ನು ಕಚ್ಚದೇ ಇರುತ್ತದೆಯೇ, ನೋಡಿಯೇಬಿಡೋಣ ಎಂದುಕೊಂಡ.

ನೀರು ಕುದಿಸಿ ಆರಿಸಿ, ತಗಡಿನ ಟ್ರೇಗೆ ತುಂಬಿ ಫ್ರಿಜ್ಜಿನ ಮೇಲಿನ ಖಾನೆಗೆ ತಳ್ಳಿದ. "ನಿಮ್ಮ ಐಸಿಗೋಸ್ಕರ ನನ್ನ ಬಟಾಣಿನೆಲ್ಲ ಬೀದಿಗೆ ಹಾಕ್ಲಾ?" ಎಂದು ಹೆಂಡತಿ ಗೊಣಗಿದಳು. ಗೊಣಗುತ್ತಲೇ ಜಾಗ ಮಾಡಿಕೊಟ್ಟಳು.

ಭಾನುವಾರ ಬೆಳಿಗ್ಗೆ ಗಡ್ಡೆಯನ್ನು ಬಿಡಿಸಿ, ಮಡಿಸಿದ ಟವೆಲ್ ಮೇಲೆ ಮಲಗಿಸಿ ಕೂತ. ಮಗಳು ಉಣ್ಣೆಯ ಗ್ಲೌಸ್ ತಂದಳು. ಬೇಡವೆಂದ. ಹಳೆಯ ಉಳಿಯಿಂದ ಕೊರೆದ, ಬಿಸಿ ಚಮಚದ ಬೆನ್ನಿನಿಂದ ತಿರುವುಗಳನ್ನು ನುಣುಪು ಮಾಡಿದ. ಎಡಗೈ ಗಡ್ಡೆಯನ್ನು ಅಮುಕಿ ಹಿಡಿದಿತ್ತು. ಈಗ ಚಳಿ ಕಚ್ಚುತ್ತದೆ, ಇನ್ನೇನು ಕಚ್ಚುತ್ತದೆ ಎಂದು ಕಾದ. ಕೈ ಬೇರೆ ಯಾರದೋ ಎಂಬಂತೆ ಸುಮ್ಮನಿತ್ತು. ಅವನು ಇನ್ನಷ್ಟು ಬಲವಾಗಿ ಅಮುಕಿದ.

"ನಮ್ಮ ಭಾವನ ಕೈ ನೋಡ್ರಪ್ಪಾ!" ಎಂದು ಮಂತ್ರಿ ಬೇಗ ಬಂದ ನೆಂಟರನ್ನೆಲ್ಲ ಕರೆದ. "ನಾನಾಗಿದ್ರೆ ಇಷ್ಟೊತ್ತಿಗೆ ಮನೆಯೆಲ್ಲ ಕುಣಿದುಬಿಡ್ತಿದ್ದೆ."

ಎಲ್ಲರೂ ನಕ್ಕರು. ಟೈಲರ್ ಕೂಡ ನಕ್ಕ, ನಗದೆ ಬೇರೆ ದಾರಿ ಇರಲಿಲ್ಲ. ಗಡ್ಡೆಯನ್ನು ಓರೆಯಾಗಿ ನಿಲ್ಲಿಸಿ ಶರಬತ್ತು ಸುರಿದರು. ಅದು ಒಂದು ಹನಿಯೂ ಆಚೀಚೆ ಚೆಲ್ಲದೆ ತಿರುಗಿ ತಿರುಗಿ ಇಳಿದು ಮಗಳ ಲೋಟ ತುಂಬಿತು. ಚಪ್ಪಾಳೆಯೋ ಚಪ್ಪಾಳೆ.

ಚಪ್ಪಾಳೆ ತಟ್ಟದೆ ನಿಂತವಳು ಹೆಂಡತಿ ಒಬ್ಬಳೇ. ಅವಳು ನೋಡುತ್ತಿದ್ದದ್ದು ಗಂಡನ ಎಡಗೈಯನ್ನು. ಅದು ರಕ್ತವಿಲ್ಲದಂತೆ ಬಿಳುಚಿಕೊಂಡಿತ್ತು. ಅವನ ಮೊಣಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಅವನಿಗೆ ಬೆನ್ನು ಮಾಡಿ ಪಾತ್ರೆಯಲ್ಲಿ ನೀರು ಹದ ಮಾಡಿ ಅವನ ಎರಡೂ ಕೈಗಳನ್ನು ಅದರೊಳಗೆ ಮುಳುಗಿಸಿದಳು.

"ಬಿಸಿ ಇದೆಯೋ, ತಣ್ಣಗಿದೆಯೋ? ನಿಜ ಹೇಳಿ."

ಟೈಲರ್ ಪಾತ್ರೆಯೊಳಗೆ ಬಗ್ಗಿ ನೋಡಿದ. ಹಬೆ ಏಳುತ್ತಿರಲಿಲ್ಲ.

"ತಣ್ಣಗಿದೆ ಕಣೇ," ಎಂದ.

ನೀರು ಬೆಚ್ಚಗಿತ್ತು. ಅವಳು ನೀರಿನೊಳಗೇ ಅವನ ಬೆರಳುಗಳನ್ನು ಹಿಡಿದುಕೊಂಡು ಅಳತೊಡಗಿದಳು. ಎಷ್ಟು ಬಿಗಿಯಾಗಿ ಹಿಡಿದಿದ್ದಾಳೆ ಎಂಬುದು ಅವಳ ಮುಂಗೈಯ ನರ ಉಬ್ಬಿದ್ದನ್ನು ನೋಡಿಯೇ ಅವನಿಗೆ ತಿಳಿಯಬೇಕಾಯಿತು.