ಸಾಕು ಎನ್ನುವ ಕೆಲಸ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ‘ಸಾಕಕ್ಕ’ ಎಂದು. ಸ್ಕ್ಯಾನಿಂಗ್ ವಿಭಾಗದ ಟೆಕ್ನಿಷಿಯನ್, ಇಪ್ಪತ್ತಾರು ವರ್ಷದ ಸರ್ವಿಸು. ಮಿದುಳಿನ ಗಡ್ಡೆಗೆ ಲೇಸರ್ ಕೊಡುವ ದಿನ ಅವಳ ಕುರ್ಚಿಯಲ್ಲಿ ಬೇರೆಯವರು ಕೂರುವಂತಿರಲಿಲ್ಲ. ತಲೆಬುರುಡೆಯಲ್ಲಿ ಪೆನ್ಸಿಲ್ ದಪ್ಪದ ತೂತು ಕೊರೆದು, ದಾರದಂಥ ಒಂದು ಎಳೆಯನ್ನು ಗಡ್ಡೆಯ ನಡುವಿಗೆ ಇಳಿಸುತ್ತಾರೆ. ಡಾಕ್ಟರು ಪೆಡಲ್ ಒತ್ತಿದರೆ ಎಳೆಯ ತುದಿಯಲ್ಲಿ ಬೆಳಕು. ಅದರ ಶಾಖಕ್ಕೆ ಗಡ್ಡೆ ಒಳಗೊಳಗೇ ಬೇಯುತ್ತದೆ. ಶಾಖ ಎಲ್ಲಿಯವರೆಗೆ ಹಬ್ಬಿತು ಎಂಬುದು ಪರದೆಯ ಮೇಲೆ ಹಳದಿಯಾಗಿ ಕಾಣುತ್ತದೆ. ಹಳದಿ ಒಳ್ಳೆಯ ಮಿದುಳನ್ನು ಮುಟ್ಟುವ ಮುಂಚೆ ‘ಸಾಕು’ ಅನ್ನುವುದು ಇವಳ ಕೆಲಸ. ಯಂತ್ರವೂ ತಾನಾಗಿ ನಿಲ್ಲುತ್ತದೆ, ಇಲ್ಲವೆಂದಲ್ಲ. ಆದರೆ ಡಾಕ್ಟರಿಗೆ ಯಂತ್ರಕ್ಕಿಂತ ಇವಳ ಮೇಲೆ ನಂಬಿಕೆ ಹೆಚ್ಚು.

ಇಂಥವಳ ತಮ್ಮನಿಗೇ ಆ ಗಡ್ಡೆ ಬರಬೇಕೆ!

ತಮ್ಮ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಬಾಯಿಗೆ ಬೀಗವೇ ಇಲ್ಲದ ಆಸಾಮಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಇವನು ಎರಡನ್ನೂ ಬಲ್ಲವನು, ಆದರೂ ರೋಗ ಬಿಡಲಿಲ್ಲ. ಸ್ವಂತದವರ ಕೇಸಿಗೆ ಕೂರಬಾರದೆಂಬ ನಿಯಮವಿತ್ತು. ಅಕ್ಕ ಕೂತರೆ ಮಾತ್ರ ಮಲಗುತ್ತೇನೆ ಎಂದು ಅವನು ಹಟ ಹಿಡಿದ. ಡಾಕ್ಟರು ಒಪ್ಪಿಬಿಟ್ಟರು. ಕಂಕುಳಲ್ಲಿ ಎತ್ತಿ ಬೆಳೆಸಿದ ತಮ್ಮ. ಅವನ ಹಟದ ಮುಂದೆ ಅವಳದು ಯಾವತ್ತು ನಡೆದಿತ್ತು?

ಹಿಂದಿನ ದಿನ ಡಾಕ್ಟರು ಅವಳನ್ನು ಕರೆದು ಚಿತ್ರ ತೋರಿಸಿದರು. ಗಡ್ಡೆಯ ಎಡ ಅಂಚು ಮಾತು ಹುಟ್ಟುವ ಜಾಗಕ್ಕೆ ಅಂಟಿಕೊಂಡಿತ್ತು. ಪೂರ್ತಿ ಸುಟ್ಟರೆ ಮಾತು ಹೋದೀತು; ಅಂಚು ಬಿಟ್ಟರೆ ಗಡ್ಡೆ ಮತ್ತೆ ಬೆಳೆದೀತು.

“ನಾನು ಕೇಳಿದ್ರೆ ತಮಾಷೆ ಮಾಡಿ ಹಾರಿಸ್ತಾನೆ. ನೀವೇ ಕೇಳಿ, ಅವನು ಹೇಳಿದ ಹಾಗೆ ಮಾಡೋಣ,” ಎಂದರು.

ಅವಳು ವಾರ್ಡಿಗೆ ಹೋದಳು. ತಮ್ಮ ಮಂಚದ ಮೇಲೆ ಕೂತು, ಪಕ್ಕದ ರೋಗಿಯ ಗಂಜಿ ಬಟ್ಟಲನ್ನು ಹರಾಜಿಗೆ ಇಟ್ಟಿದ್ದ. ಒಂದು ಸಲ, ಎರಡು ಸಲ ಎಂದು ಕೂಗುತ್ತಿದ್ದ. ವಾರ್ಡಿಗೆ ವಾರ್ಡೇ ಹೊಟ್ಟೆ ಹಿಡಿದು ನಗುತ್ತಿತ್ತು. ಇವನ ಮಾತು ಕಿತ್ತುಕೊಂಡರೆ ಉಳಿಯುವುದಾದರೂ ಏನು ಅನ್ನಿಸಿ ಅವಳಿಗೆ ಕಣ್ಣು ತುಂಬಿತು. ಬಾಗಿಲಿಂದಲೇ ಹಿಂದಿರುಗಿ, ‘ಮಾತು ಉಳಿಸಿ’ ಅಂದ ಎಂದು ಡಾಕ್ಟರಿಗೆ ಹೇಳಿಬಿಟ್ಟಳು. ಅದು ಸುಳ್ಳೆಂದು ಅವಳಿಗೆ ಅನ್ನಿಸಲೂ ಇಲ್ಲ. ಕೇಳಿದ್ದರೆ ಅವನು ಅದನ್ನೇ ತಾನೇ ಹೇಳುತ್ತಿದ್ದದ್ದು?

ಮರುದಿನ ಪರದೆಯ ಮೇಲೆ ಹಳದಿ ನಿಧಾನಕ್ಕೆ ಎಡಕ್ಕೆ ಹಬ್ಬಿತು. ಕತ್ತರಿಸಿದ ಉಗುರಿನಷ್ಟು ಗಡ್ಡೆ ಉಳಿದಿರುವಾಗ ಅವಳು ಸಾಕು ಅಂದಳು. ಡಾಕ್ಟರು ಪೆಡಲಿನಿಂದ ಕಾಲು ತೆಗೆದರು.

ಎಚ್ಚರವಾದ ತಮ್ಮ ಮೊದಲು ಮಾಡಿದ ಕೆಲಸವೆಂದರೆ ನರ್ಸಮ್ಮನನ್ನು ರೇಗಿಸಿದ್ದು. ಹೆಂಡತಿ, ಮಗಳು, ಅಕ್ಕ ಮೂವರೂ ನಗುತ್ತಲೇ ಅತ್ತರು. ತಿಂಗಳು ಕಳೆಯುವಷ್ಟರಲ್ಲಿ ಅವನು ಮತ್ತೆ ಮಾರುಕಟ್ಟೆಗೆ ಹೊರಟ.

ಐದನೇ ತಿಂಗಳ ಸ್ಕ್ಯಾನನ್ನು ಅವಳೇ ತೆಗೆದಳು. ಉಗುರಿನಷ್ಟಿದ್ದದ್ದು ಉಬ್ಬಿ, ಮಾತಿನ ಜಾಗವನ್ನು ದಾಟಿ ಆಳಕ್ಕೆ ಇಳಿದಿತ್ತು. ಇನ್ನು ಲೇಸರಿಗೆ ದಾರಿಯಿಲ್ಲ, ಬೇರೆ ಔಷಧಿಯಿಂದಲೂ ಹೆಚ್ಚು ದಿನ ತಳ್ಳಲಾಗದು ಎಂದರು ಡಾಕ್ಟರು. ಆ ಸಂಜೆ ತಮ್ಮನ ಮನೆಯ ಅಡುಗೆಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಅವನನ್ನು ಕೇಳದೆಯೇ, ಕೇಳಿದೆನೆಂದು ಡಾಕ್ಟರಿಗೆ ಹೇಳಿದ್ದನ್ನೂ ಹೇಳಿದಳು. ಅವನು ಬಾಗಿಲ ಕಡೆ ನೋಡಿದ. ಹೊರಗೆ ಏಳು ವರ್ಷದ ಮಗಳು ಮಗ್ಗಿ ಹೇಳುತ್ತಿದ್ದಳು.

“ಕೇಳಿದ್ದಿದ್ರೆ ಸುಟ್ಟುಬಿಡಿ ಅಂತಿದ್ದೆ ಕಣಕ್ಕಾ,” ಎಂದ. “ಮಾತು ಹೋದ್ರೆ ಹೋಗ್ಲಿ. ಅವಳು ದೊಡ್ಡವಳಾಗೋವರೆಗೂ ಮೂಗನಾಗಿಯಾದ್ರೂ ಇರ್ತಿದ್ದೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ, ಆಮೇಲೆ ಆ ಮಾತನ್ನು ಎತ್ತಲೂ ಇಲ್ಲ.

ಕೊನೆಗೆ ಆ ಗಡ್ಡೆಯೇ ಅವನ ಮಾತನ್ನು ತಿಂದಿತು. ಬಾಯಿ ಬಿದ್ದುಹೋದ ಮೇಲೆ ಅವನು ಮೂರು ವಾರ ಬದುಕಿದ್ದ. ಮಗಳು ಮಗ್ಗಿ ತಪ್ಪಿದರೆ ಬೆರಳಿಂದ ಮಂಚ ಬಡಿಯುತ್ತಿದ್ದ. ಹೆಂಡತಿ ಅತ್ತರೆ ಮೂತಿ ಸೊಟ್ಟ ಮಾಡಿ ನಗಿಸುತ್ತಿದ್ದ. ಚಹಾ ಆರಿದ್ದರೆ ಲೋಟ ಆಚೆ ತಳ್ಳುತ್ತಿದ್ದ. ಮಾತಿಲ್ಲದೆಯೂ ಅವನು ಪೂರ್ತಿ ಅವನೇ ಆಗಿದ್ದ. ಸಾಕಕ್ಕ ಮೂರು ವಾರವೂ ಪಕ್ಕದಲ್ಲಿ ಕೂತು ಅದನ್ನು ನೋಡಿದಳು.